ಬರ್ತೀನಿ ಎಂದವರು, ಬಂದವರು

ನಮ್ಮ ಕೋಣೆಗೆ ಕಿಟಕಿ ಇರಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಗೋಡೆಗೆ ಅಂಟಿಕೊಂಡು, ಎರಡು ಮೇಜು ಎರಡು ಫೋನು ಹಿಡಿಸುವಷ್ಟು ಜಾಗ. ಬಿಸಿ ಸೋಪಿನ ವಾಸನೆ ದಿನವೆಲ್ಲ ಬರುತ್ತಿತ್ತು. ಮಕ್ಕಳು ಶಾಲೆಯ ಬಸ್ಸು ಹತ್ತಿದ ಮೇಲೆ ಅಮೆರಿಕದ ಎಲಿಕಾಟ್ ಸಿಟಿಯ ನಮ್ಮ ಮನೆಯಿಂದ ಹೊರಟರೆ ಅವರು ಇಳಿಯುವುದರೊಳಗೆ ಹಿಂದಿರುಗಬಹುದಿತ್ತು. ಆ ಕೆಲಸಕ್ಕೆ ನಾನು ಒಪ್ಪಿದ್ದು ಮುಖ್ಯವಾಗಿ ಅದಕ್ಕೇ. ಆಸ್ಪತ್ರೆಯವರು ನನ್ನನ್ನು ಒಪ್ಪಿದ್ದಕ್ಕೆ ಕಾರಣ ಬೇರೆ. ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದ್ದೇನೆ, ಕನ್ನಡ ಹಿಂದಿ ಎರಡೂ ಬರುತ್ತವೆ ಎಂದು ಅರ್ಜಿಯಲ್ಲಿ ಬರೆದಿದ್ದೆ. ಓದಿ ಬಹಳ ವರ್ಷವಾಯಿತು ಎಂದು ಬರೆಯಲು ಅಲ್ಲಿ ಜಾಗ ಬಿಟ್ಟಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು ಇದು. ಭಾರತದಿಂದ ಬಂದ ನಮ್ಮ ಕಡೆಯ ಹೆಂಗಸರು, ನಲವತ್ತು ದಾಟಿದವರು, ಸ್ತನದ ತಪಾಸಣೆಗೆ ಬರುವುದು ಕಡಿಮೆ ಎಂದು ಆ ಆಸ್ಪತ್ರೆಯವರಿಗೆ ಅನ್ನಿಸಿತ್ತು. ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಉಚಿತ, ಬನ್ನಿ ಎಂದು ಪತ್ರ ಕಳಿಸುತ್ತಿದ್ದರು. ಪತ್ರದ ಜೊತೆಗೆ ಒಂದು ಫೋನ್ ಮಾಡಿ ಅವರ ಭಾಷೆಯಲ್ಲೇ ಕರೆದರೆ ಹೆಚ್ಚು ಜನ ಬರುತ್ತಾರೆಯೇ? ಅದನ್ನು ನೋಡಲು ನಮ್ಮ ಎರಡು ಫೋನುಗಳು.

ಕೋಣೆಯ ಮೇಲ್ವಿಚಾರಕಿ ಕಪ್ಪು ಜನಾಂಗದ ಹಿರಿಯ ನರ್ಸ್. ಎತ್ತರದ ಮೈಕಟ್ಟು, ಮೊಣಕಾಲು ಮಾತ್ರ ಸೋತಿತ್ತು. ಕುರ್ಚಿಯಿಂದ ಏಳುವ ಮೊದಲು ಒಂದು ಕ್ಷಣ ಮೇಜಿನ ಅಂಚು ಹಿಡಿದು ನಿಲ್ಲುತ್ತಿದ್ದರು. ವಾರ್ಡಿನಲ್ಲಿ ಓಡಾಡಲು ಆಗದೆಯೇ ಈ ಕುರ್ಚಿ ಕೆಲಸಕ್ಕೆ ಬಂದಿದ್ದರು. ಫೋನಿನಿಂದ ಪ್ರಯೋಜನವಿದೆ ಎಂದು ತೋರಿಸದಿದ್ದರೆ ಈ ಕೆಲಸವನ್ನು ನಿಲ್ಲಿಸುವುದಾಗಿ ಆಡಳಿತಾಧಿಕಾರಿ ಮೊದಲೇ ಹೇಳಿದ್ದರು. ನಿಂತರೆ ನಾನು ಮನೆಗೆ, ಅದೇನು ದೊಡ್ಡದಲ್ಲ. ಅವರು ಮತ್ತೆ ವಾರ್ಡಿಗೆ. ಆ ವಿಷಯವನ್ನು ಅವರು ನನ್ನೆದುರು ಒಂದೇ ಸಲ ಆಡಿದ್ದು, ಅದೂ ನಗುತ್ತಲೇ.

ನಮ್ಮ ಕಡೆಯ ಹೆಸರಿನ ಇನ್ನೂರು ಹೆಂಗಸರನ್ನು ಎರಡು ಗುಂಪು ಮಾಡಿದೆವು. ನೂರು ಜನಕ್ಕೆ ಪತ್ರ ಮಾತ್ರ, ಒಳಗೆ ಒಂದು ಮರುಟಪಾಲಿನ ಕಾರ್ಡು. ಇನ್ನು ನೂರು ಜನಕ್ಕೆ ಪತ್ರ, ಆಮೇಲೆ ನನ್ನ ಫೋನು. ಯಾರು ಯಾವ ಗುಂಪು ಎನ್ನುವುದನ್ನು ನಾವು ಆರಿಸುವ ಹಾಗಿರಲಿಲ್ಲ. ಸಂಖ್ಯಾಶಾಸ್ತ್ರದ ಪುಸ್ತಕದ ಹಿಂದಿನ ಪುಟಗಳಲ್ಲಿ ಅಡ್ಡಾದಿಡ್ಡಿ ಅಂಕಿಗಳ ಕೋಷ್ಟಕವಿರುತ್ತದಲ್ಲ, ಅದರ ಪ್ರಕಾರ. ಹೇಗೆಂದು ಹೇಳಿಕೊಟ್ಟವರು ವಾರಕ್ಕೊಮ್ಮೆ ಬಾಲ್ಟಿಮೋರ್ ಕಡೆಯಿಂದ ಬರುತ್ತಿದ್ದ ಸಂಖ್ಯಾಶಾಸ್ತ್ರಜ್ಞರು. ಪ್ಲಾಸ್ಟಿಕ್ ಚೀಲದಲ್ಲಿ ಹೆಚ್ಚಿದ ಕ್ಯಾರೆಟ್ ತರುತ್ತಿದ್ದರು. ಯೋಚನೆ ಬಂದಾಗ ಅಗಿಯುವುದನ್ನು ನಿಲ್ಲಿಸುತ್ತಿದ್ದರು.

ನನ್ನ ಮುಂದೆ ಅಚ್ಚು ಮಾಡಿದ ಮಾತುಗಳ ಹಾಳೆ. ಹೆಸರು ಹೇಳುವುದು, ಪತ್ರ ತಲುಪಿತೇ ಎಂದು ಕೇಳುವುದು, ಕೊನೆಯಲ್ಲಿ ಬರುತ್ತೀರಾ ಎನ್ನುವುದು. ಹೌದು ಎಂದರೆ ಒಂದು ಗೆರೆ. ಕಾನ್ವೆಂಟಿನಲ್ಲಿ ಅಂಚು ಬಿಟ್ಟು ಗೆರೆ ಎಳೆದು ಬರೆದು ರೂಢಿಯಾದ ಕೈ. ನನ್ನ ಹಾಳೆಗಳನ್ನು ನೋಡಿ ಮೇಲ್ವಿಚಾರಕಿಗೆ ಬಹಳ ಸಂತೋಷ.

ಫೋನಿನ ಆ ತುದಿಯ ಹೆಂಗಸರು ಎಷ್ಟು ಅಕ್ಕರೆಯಿಂದ ಮಾತಾಡುತ್ತಿದ್ದರು! ಮೈಸೂರಿನವರೇ, ಯಾವ ಬೀದಿ, ಮಕ್ಕಳೆಷ್ಟು, ಅಕ್ಕಿ ಯಾವ ಅಂಗಡಿಯಲ್ಲಿ ತರುತ್ತೀರಿ. ಕುಕ್ಕರ್ ಕೂಗು ಕೇಳಿಸಿತೆಂದರೆ ಹತ್ತು ನಿಮಿಷ ಬಿಟ್ಟು ಮಾಡುತ್ತೇನೆ ಎನ್ನುತ್ತಿದ್ದೆ. ಕೊನೆಗೆ ಬರ್ತೀರಾ ಎಂದರೆ ಬರ್ತೀನಿ ಎಂದೇ ಹೆಚ್ಚಿನವರು. ಫೋನಿನ ಗುಂಪಿನಲ್ಲಿ ನೂರಕ್ಕೆ ಎಪ್ಪತ್ತೊಂದು ಹೌದು. ಪತ್ರದ ಗುಂಪಿನಲ್ಲಿ ಬರುತ್ತೇನೆಂದು ಕಾರ್ಡು ಕಳಿಸಿದವರು ಮೂವತ್ತೆಂಟು.

ವ್ಯತ್ಯಾಸ ಮೂವತ್ತಮೂರು. ಆದರೆ ಅಷ್ಟನ್ನೇ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ನಾವು ನೋಡಿದ್ದು ಇನ್ನೂರು ಜನರನ್ನು. ತಿಳಿಯಬೇಕಾದದ್ದು ಆ ಇಡೀ ಜಿಲ್ಲೆಯ ನಮ್ಮ ಹೆಂಗಸರ ವಿಷಯ. ಬೇರೆ ಇನ್ನೂರು ಜನ ಸಿಕ್ಕಿದ್ದರೆ ಬೇರೆ ಸಂಖ್ಯೆ ಬರುತ್ತಿತ್ತು. ಆದ್ದರಿಂದ ನಿಜವಾದ ವ್ಯತ್ಯಾಸ ಇಲ್ಲಿಂದ ಇಲ್ಲಿಯವರೆಗೆ ಎಲ್ಲೋ ಇರಬಹುದು ಎಂದು ಎರಡು ತುದಿ ಹೇಳಬೇಕು. ಕಾನ್ಫಿಡೆನ್ಸ್ ಇಂಟರ್ವಲ್ ಎನ್ನುವುದು ಅದೇ. ಲೆಕ್ಕ ಕಷ್ಟದ್ದಲ್ಲ. ಪ್ರತಿ ಗುಂಪಿನಲ್ಲೂ ಹೌದು ಎಂದವರ ಪಾಲನ್ನು ಉಳಿದವರ ಪಾಲಿನಿಂದ ಗುಣಿಸಿ, ಗುಂಪಿನ ಸಂಖ್ಯೆಯಿಂದ ಭಾಗಿಸುವುದು. ಎರಡು ಗುಂಪಿನ ಉತ್ತರಗಳನ್ನು ಕೂಡಿ ವರ್ಗಮೂಲ ತೆಗೆಯುವುದು. ಅದನ್ನು ಸುಮಾರು ಎರಡರಿಂದ, ಸರಿಯಾಗಿ ಹೇಳಬೇಕೆಂದರೆ ಒಂದು ಬಿಂದು ಒಂಬತ್ತು ಆರರಿಂದ ಗುಣಿಸಿ, ವ್ಯತ್ಯಾಸದ ಆಚೆ ಈಚೆ ಇಡುವುದು. ಹೀಗೆ ನೂರು ಸಲ ಮಾಡಿದರೆ ಸುಮಾರು ತೊಂಬತ್ತೈದು ಸಲ ನಿಜವಾದ ವ್ಯತ್ಯಾಸ ಆ ಎರಡು ತುದಿಗಳ ಒಳಗೆ ಸಿಕ್ಕಿಬೀಳುತ್ತದೆ.

ನಮಗೆ ಬಂದದ್ದು ಇಪ್ಪತ್ತರಿಂದ ನಲವತ್ತಾರು. ಕೆಳತುದಿಯೇ ಇಪ್ಪತ್ತು; ಸೊನ್ನೆ, ಅಂದರೆ ಫೋನಿನಿಂದ ಏನೂ ವ್ಯತ್ಯಾಸವಿಲ್ಲ ಎನ್ನುವುದು, ಅಷ್ಟು ದೂರ. ಮೇಲ್ವಿಚಾರಕಿ ಆ ಎರಡು ಸಂಖ್ಯೆಗಳನ್ನು ದಪ್ಪ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸಿದರು. ವರದಿಯ ಕರಡು ಬೆರಳಚ್ಚಿಗೆ ಹೋಯಿತು.

ಆ ಶನಿವಾರ ಒಂದು ಶಾಲೆಯ ಊಟದ ಹಾಲಿನಲ್ಲಿ ನಮ್ಮ ಕನ್ನಡದವರ ಯುಗಾದಿ. ಒಬ್ಬೊಬ್ಬರ ಮನೆಯಿಂದ ಒಂದೊಂದು ಅಡುಗೆ. ಹೋಳಿಗೆ ಬಡಿಸುತ್ತಿದ್ದ ಹುಬ್ಬಳ್ಳಿ ಕಡೆಯ ಆಂಟಿ, ಎಂಜಿನಿಯರರ ಹೆಂಡತಿ, ನನ್ನ ತಟ್ಟೆಯ ಹತ್ತಿರ ನಿಂತರು. ಆಸ್ಪತ್ರೆಯ ವಿಷಯ ಹೊರಗೆ ಆಡಬಾರದು ಎಂದು ನನಗೆ ಕಟ್ಟಪ್ಪಣೆ. ನಾನು ಆಡಲಿಲ್ಲ, ಅವರೇ ಎತ್ತಿದರು.

"ನಿಮ್ಮ ಫೋನಿಗೆ ಬರ್ತೇನಂತ ಹೇಳಿದ್ದೆ ನೋಡ್ರಿ. ಬರ್ಲಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಪರವಾಗಿಲ್ಲ, ಇನ್ನೊಂದು ದಿನ ಹಾಕಿಕೊಡುತ್ತೇನೆ ಎಂದೆ.

"ಇನ್ನೊಂದು ದಿನಾನೂ ಆಗೂದಿಲ್ರಿ. ಆ ಕಡೆ ನನಗ ಡ್ರೈವ್ ಮಾಡಾಕ ಬರೂದಿಲ್ಲ. ನೀವು ಅಷ್ಟು ಪ್ರೀತಿಲೇ ಕೇಳಿದ್ರಿ, ಒಲ್ಲೆ ಅಂತ ಹ್ಯಾಂಗ ಅನ್ಲಿ? ಹೂಂ ಅಂದೆ."

"ನಾನು ಬರ್ತಾರೆ ಅಂತ ಬರ್ಕೊಂಡ್ಬಿಟ್ನಲ್ಲ ಆಂಟಿ."

"ಹೂಂ ಅಂದ್ರ ಬರ್ತಾರಂತ ಬರಕೊಂಡ್ರೇನು? ಯಾ ಊರವ್ವಾ ನಿಮ್ದು!"

ಪಕ್ಕದಲ್ಲಿ ಅನ್ನ ಹಾಕಿಸಿಕೊಳ್ಳುತ್ತಿದ್ದ ಇಬ್ಬರು ನಕ್ಕರು. ಆ ನಗುವಿನಲ್ಲಿ ತಮ್ಮದೂ ಅದೇ ಕಥೆ ಎಂಬ ಸುಳಿವು ಇತ್ತು. ನನ್ನ ತಟ್ಟೆಗೆ ಎರಡನೆಯ ಹೋಳಿಗೆ ಬಿತ್ತು. ಬೇಡ ಎನ್ನಲು ನನಗೂ ಆಗಲಿಲ್ಲ.

ಮನೆಗೆ ಕಾರಿನಲ್ಲಿ ಬರುವಾಗ ಅದನ್ನೇ ಯೋಚಿಸಿದೆ. ಕಾರ್ಡಿನ ಮೇಲೆ ಗುರುತು ಹಾಕುವಾಗ ಯಾರ ಮುಖವೂ ಎದುರಿಗಿರುವುದಿಲ್ಲ, ಬರುವುದಿಲ್ಲ ಎಂದರೆ ಯಾರಿಗೂ ನೋವಿಲ್ಲ. ಫೋನಿನಲ್ಲಿ ನಾನಿದ್ದೆ, ಮೈಸೂರಿನವಳು, ಅವರ ಮಕ್ಕಳ ಹೆಸರು ಕೇಳಿದವಳು. ನಾನು ಎಷ್ಟು ಮೆತ್ತಗೆ ಕೇಳಿದರೆ ಅವರಿಗೆ ಇಲ್ಲವೆನ್ನುವುದು ಅಷ್ಟು ಕಷ್ಟ. ಇಪ್ಪತ್ತರಿಂದ ನಲವತ್ತಾರು ಎನ್ನುವುದು ಲೆಕ್ಕದಲ್ಲಿ ಸರಿಯಾಗಿಯೇ ಇತ್ತು. ಅದು ಅಳೆದದ್ದು ಮಾತ್ರ ದಾಕ್ಷಿಣ್ಯವನ್ನು.

ಸೋಮವಾರ ಹೋಗಿ ಮೇಲ್ವಿಚಾರಕಿಗೆ ಹೇಳಲೇಬೇಕಿತ್ತು. ಗೋಡೆಯ ಮೇಲಿನ ಕಾಗದದ ಕೆಳಗೇ ಅವರು ಕೂತಿದ್ದರು. ಹೆಸರು ಹೇಳದೆ ವಿಷಯ ಹೇಳಿದೆ. ನಮ್ಮಲ್ಲಿ ಹೂಂ ಎನ್ನುವುದು ಎಷ್ಟೋ ಸಲ 'ನಿಮ್ಮ ಮಾತು ಕೇಳಿಸಿತು, ನೀವು ಒಳ್ಳೆಯವರು' ಎನ್ನುವುದಷ್ಟೇ ಎಂದೆ. ಅವರು ಸ್ವಲ್ಪ ಹೊತ್ತು ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ತಮ್ಮ ಚರ್ಚಿನಲ್ಲೂ ಅಂಥವರು ಇದ್ದಾರೆ ಎಂದರು. ಎದ್ದು, ಮೇಜಿನ ಅಂಚು ಹಿಡಿದು ನಿಂತು, ಕಾಗದವನ್ನು ಅವರೇ ಗೋಡೆಯಿಂದ ತೆಗೆದರು. ವರದಿ ವಾಪಸು ತರಿಸಿಕೊಂಡರು. ಬಾಗಿಲೊಳಗೆ ಕಾಲಿಟ್ಟವರನ್ನು ಮಾತ್ರ ಎಣಿಸೋಣ ಎಂದರು.

ಆಗ ಬಂದ ಲೆಕ್ಕ ಬೇರೆ. ಫೋನಿನ ಗುಂಪಿನಲ್ಲಿ ನಿಜವಾಗಿ ಬಂದವರು ಮೂವತ್ತನಾಲ್ಕು. ಪತ್ರದ ಗುಂಪಿನಲ್ಲಿ ಇಪ್ಪತ್ತೇಳು. ವ್ಯತ್ಯಾಸ ಏಳು, ಅದರ ತುದಿಗಳು ಸೊನ್ನೆಗಿಂತ ಆರು ಕೆಳಗಿನಿಂದ ಇಪ್ಪತ್ತರವರೆಗೆ. ಸೊನ್ನೆ ಒಳಗೇ ಕೂತಿತ್ತು.

ಸಂಖ್ಯಾಶಾಸ್ತ್ರಜ್ಞರು ಕ್ಯಾರೆಟ್ ಅಗಿಯುವುದನ್ನು ನಿಲ್ಲಿಸಿದರು. ಅವರು ವಿವರಿಸಿದ್ದು ನನಗೆ ಈಗಲೂ ನೆನಪಿದೆ. ಸೊನ್ನೆ ಒಳಗಿದೆ ಎಂದರೆ ಫೋನಿನಿಂದ ಪ್ರಯೋಜನವಿಲ್ಲ ಎಂದು ಅರ್ಥವಲ್ಲ. ಇಪ್ಪತ್ತೂ ಒಳಗಿದೆಯಲ್ಲ. ಇಷ್ಟು ಜನರನ್ನು ನೋಡಿ ಹೇಳಲಾಗದು, ಅಷ್ಟೇ. ಆದರೆ ಆಡಳಿತಾಧಿಕಾರಿಯ ಕಣ್ಣಿಗೆ ಗೊತ್ತಿಲ್ಲ ಎನ್ನುವುದೂ ಇಲ್ಲ ಎನ್ನುವುದೂ ಒಂದೇ ಥರ ಕಾಣುತ್ತದೆ ಎಂದು ಮೇಲ್ವಿಚಾರಕಿ ಹೇಳಿದರು. ಎಪ್ಪತ್ತೊಂದು ಹೌದುಗಳ ವರದಿಯನ್ನೇ ಕಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದು ನಮ್ಮಿಬ್ಬರ ಮನಸ್ಸಿನಲ್ಲೂ ಇತ್ತು.

ಮೇಲ್ವಿಚಾರಕಿ ಇದ್ದದ್ದನ್ನು ಇದ್ದ ಹಾಗೆ ಬರೆದು, ಇನ್ನೊಂದು ಸಲ ದೊಡ್ಡದಾಗಿ ಮಾಡಲು ಅನುಮತಿ ಕೇಳಿದರು. ಆಡಳಿತಾಧಿಕಾರಿ ಮುಂದಿನ ವಸಂತದವರೆಗೆ ಸಮಯ ಕೊಟ್ಟರು. ಅದೇ ಕೊನೆ ಎಂದೂ ಹೇಳಿ ಕಳಿಸಿದರು.

ನಾನು ಕೇಳಿಕೊಂಡದ್ದು ಒಂದೇ: ಬರ್ತೀರಾ ಎಂಬ ಪ್ರಶ್ನೆಯನ್ನು ತೆಗೆದುಹಾಕಬೇಕು. ಅದರ ಬದಲು ಯಾವ ದಿನ ಆಗುವುದಿಲ್ಲ, ಕರೆದುಕೊಂಡು ಬರುವವರು ಯಾರು ಎಂದು ಕೇಳೋಣ. ಆಗುವುದಿಲ್ಲ ಎನ್ನುವ ಮಾತು ಮೊದಲೇ ನನ್ನ ಬಾಯಿಂದಲೇ ಬಂದರೆ ಅವರಿಗೆ ಅದನ್ನು ಹೇಳುವುದು ಸುಲಭ. ಸಂಖ್ಯಾಶಾಸ್ತ್ರಜ್ಞರು ಒಪ್ಪಿದರು, ಆದರೆ ಪ್ರಶ್ನೆ ಬದಲಾದರೆ ಹಳೆಯ ಇನ್ನೂರು ಜನರನ್ನು ಹೊಸ ಲೆಕ್ಕಕ್ಕೆ ಕೂಡಿಸುವಂತಿಲ್ಲ ಎಂದರು. ಅಷ್ಟೂ ಕೆಲಸ ದಂಡವೇ ಎಂದು ಮೇಲ್ವಿಚಾರಕಿ ಕೇಳಿದ್ದಕ್ಕೆ ಸಂಖ್ಯಾಶಾಸ್ತ್ರಜ್ಞರು ಕ್ಯಾರೆಟ್ ಚೀಲವನ್ನು ಅವರ ಕಡೆ ಚಾಚಿದರು. ಮೇಲ್ವಿಚಾರಕಿ ಒಂದು ತೆಗೆದುಕೊಂಡರು.

ಇನ್ನೊಂದು ತೊಡಕು ವಿಳಾಸಗಳನ್ನು ನಕಲು ಮಾಡುವಾಗ ಕಣ್ಣಿಗೆ ಬಿತ್ತು. ಒಂದೇ ಮನೆಯ ಅತ್ತೆ ಪತ್ರದ ಗುಂಪಿನಲ್ಲಿ, ಸೊಸೆ ಫೋನಿನ ಗುಂಪಿನಲ್ಲಿ. ಸೊಸೆಗೆ ಫೋನ್ ಮಾಡಿದರೆ ಅತ್ತೆಗೆ ಮಾಡಿದ ಹಾಗೆಯೇ. ಬಂದರೆ ಇಬ್ಬರೂ ಒಂದೇ ಕಾರಿನಲ್ಲಿ ಬರುತ್ತಾರೆ. ಈ ಸಲ ಒಂದು ಮನೆಗೆ ಒಬ್ಬರೇ ಎಂದು ಗೊತ್ತುಮಾಡಿದೆವು. ಗುಂಪಿಗೆ ಇನ್ನೂರೈವತ್ತು ಮನೆ.

ಚಳಿಗಾಲ ಒಳ್ಳೆಯದಾಗಿರಲಿಲ್ಲ. ಜನವರಿಯಲ್ಲಿ ಮಂಜುಗಡ್ಡೆಯ ಮಳೆ ಬಿದ್ದು ರಸ್ತೆಗಳು ಗಾಜಾದವು, ಶಾಲೆ ಮುಚ್ಚಿತು. ನಾನು ಮನೆಯಲ್ಲಿ ಮಕ್ಕಳ ಜೊತೆ, ತಪಾಸಣೆಗೆ ದಿನ ಗೊತ್ತಾದವರು ಅವರವರ ಮನೆಯಲ್ಲಿ. ಇಷ್ಟು ದಿನ ಹಾಳಾಯಿತಲ್ಲ ಎಂದು ಅಳಲು ತೋಡಿಕೊಂಡರೆ ಸಂಖ್ಯಾಶಾಸ್ತ್ರಜ್ಞರು ಸಮಾಧಾನವಾಗಿದ್ದರು. ಗುಂಪು ಮಾಡಿದ್ದು ನಾವಲ್ಲ, ಅಂಕಿಗಳ ಕೋಷ್ಟಕ. ಹಾಗಾಗಿ ಎರಡು ಗುಂಪಿನ ಮೇಲೂ ಒಂದೇ ಹಿಮ ಬೀಳುತ್ತದೆ ಎಂದರು. ಅವರು ಕಟ್ಟುನಿಟ್ಟಾಗಿ ಬೇಡವೆಂದದ್ದು ಒಂದೇ, ನಡುವೆ ಲೆಕ್ಕ ಹಾಕಿ ನೋಡುವುದು. ನೋಡುತ್ತಾ ಹೋಗಿ ಚೆನ್ನಾಗಿ ಕಂಡ ದಿನ ನಿಲ್ಲಿಸಿದರೆ ಆ ತೊಂಬತ್ತೈದಕ್ಕೆ ಬೆಲೆಯಿರುವುದಿಲ್ಲ. ಅನ್ನ ಬೆಂದಿತೇ ಎಂದು ಪದೇ ಪದೇ ಮುಚ್ಚಳ ತೆಗೆಯುವ ಚಪಲ ಇರುವವಳು ನಾನು. ಮೇಲ್ವಿಚಾರಕಿ ಬಂದವರ ಹಾಳೆಗಳನ್ನೆಲ್ಲ ತಮ್ಮ ಖಾನೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸ್ವಾಗತದ ಮೇಜಿನವಳಿಗೆ ಕೊಟ್ಟುಬಿಟ್ಟರು. ನನ್ನ ಮೇಲೆ ನಂಬಿಕೆ ಇಲ್ಲವೇ ಎಂದೆ. ತಮ್ಮ ಮೇಲೇ ಇಲ್ಲ ಎಂದರು.

ಹೊಸ ಪ್ರಶ್ನೆಗೆ ಉತ್ತರಗಳು ಬೇರೆ ಥರ ಬರತೊಡಗಿದವು. ಮಂಗಳವಾರ ಆಗಲ್ಲ, ಸೊಸೆಗೆ ಕೆಲಸ. ಗಂಡಸು ಫೋಟೋ ತೆಗೆಯೋದಾದ್ರೆ ಬರಲ್ಲ. ಇವರನ್ನು ಕೇಳಬೇಕು, ಕೇಳೋಕೆ ನಾಚಿಕೆ. ನೇರವಾಗಿ ಬರೋದೇ ಇಲ್ಲ ಕಣ್ರೀ ಎಂದವರೂ ಇದ್ದರು, ಹಿಂದಿಗಿಂತ ಹೆಚ್ಚು. ಹೆಂಗಸರೇ ಇರುತ್ತಾರೆ ಎಂದು ಹೇಳಲು ನನಗೆ ಗೊತ್ತಾದದ್ದೇ ಆಗ. ಹಳೆಯ ಹಾಳೆಯಲ್ಲಿ ಆ ಮಾತೇ ಇರಲಿಲ್ಲ.

ಮಾರ್ಚಿನಲ್ಲಿ ಬೀಗದ ಕೈ ಬಂತು. ಪತ್ರದ ಗುಂಪಿನಲ್ಲಿ ಬಂದವರು ನೂರಕ್ಕೆ ಇಪ್ಪತ್ತೆಂಟು. ಫೋನಿನ ಗುಂಪಿನಲ್ಲಿ ಮೂವತ್ತೊಂಬತ್ತು ಚಿಲ್ಲರೆ. ನಾನು ಲೆಕ್ಕ ಮಾಡಿದೆ, ಸಂಖ್ಯಾಶಾಸ್ತ್ರಜ್ಞರು ಮತ್ತೆ ಮಾಡಿದರು. ವ್ಯತ್ಯಾಸ ಹನ್ನೊಂದು, ತುದಿಗಳು ಮೂರು ಮತ್ತು ಹತ್ತೊಂಬತ್ತು. ಸೊನ್ನೆ ಹೊರಗಿತ್ತು, ಬಹಳ ದೂರವಲ್ಲ.

ಸಭೆಗೆಂದು ನಾನು ಗ್ರಾಫ್ ಕಾಗದದ ಮೇಲೆ ಚಿತ್ರ ಬರೆದೆ. ಪ್ರತಿ ಗುಂಪಿಗೂ ಅದರದೇ ವ್ಯಾಪ್ತಿ ತೋರಿಸಿದರೆ ನೋಡಲು ಚೆನ್ನ ಎನ್ನಿಸಿತು. ಪತ್ರದವರಿಗೆ ನೀಲಿ ಪಟ್ಟಿ, ಇಪ್ಪತ್ತೆರಡರಿಂದ ಮೂವತ್ತನಾಲ್ಕರ ಹತ್ತಿರದವರೆಗೆ. ಫೋನಿನವರಿಗೆ ಕೆಂಪು, ಮೂವತ್ತಮೂರರಿಂದ ನಲವತ್ತೈದು. ನನ್ನ ಗೆರೆಗಳು ಎಷ್ಟು ನಯವಾಗಿದ್ದವೆಂದರೆ ನೀಲಿಯ ತಲೆ ಕೆಂಪಿನ ಕಾಲಿಗೆ ಕೂದಲೆಳೆಯಷ್ಟು ತಾಗಿದ್ದು ಎಲ್ಲರಿಗೂ ಸ್ಪಷ್ಟವಾಗಿ ಕಾಣಿಸಿತು.

ಆಡಳಿತಾಧಿಕಾರಿ ಸಭ್ಯ ಮನುಷ್ಯ. ಚಿತ್ರದ ಮೇಲೆ ಪೆನ್ಸಿಲು ಅಡ್ಡ ಇಟ್ಟರು. ಇವೆರಡೂ ಒಂದರ ಮೇಲೊಂದು ಬಂದಿವೆ, ಅಂದರೆ ಎರಡು ಗುಂಪೂ ಒಂದೇ ಇರಬಹುದಲ್ಲ ಎಂದರು. ಮೇಲ್ವಿಚಾರಕಿ ನನ್ನ ಕಡೆ ನೋಡಲಿಲ್ಲ, ತಮ್ಮ ಮೊಣಕಾಲನ್ನು ಒತ್ತಿಕೊಳ್ಳುತ್ತಿದ್ದರು. ನಾನು ಸಂಖ್ಯಾಶಾಸ್ತ್ರಜ್ಞರ ಕಡೆ ನೋಡಿದೆ. ಚಿತ್ರ ಬರೆದವರೇ ಹೇಳಲಿ ಎಂದುಬಿಟ್ಟರು.

ಆ ಚಿತ್ರ ಬರೆದದ್ದು ನನ್ನ ತಪ್ಪು ಎಂದು ಶುರುಮಾಡಿದೆ. ಎರಡು ಗುಂಪೂ ಒಂದೇ ಆಗಿರಬೇಕಾದರೆ ಪತ್ರದ ಗುಂಪಿನ ನಿಜವಾದ ಪಾಲು ತನ್ನ ಮೇಲಿನ ತುದಿಯಲ್ಲಿರಬೇಕು, ಅದೇ ಹೊತ್ತಿಗೆ ಫೋನಿನದು ತನ್ನ ಕೆಳಗಿನ ತುದಿಯಲ್ಲಿರಬೇಕು. ಎರಡೂ ಒಟ್ಟಿಗೆ ಆಗುವುದು ಬಹಳ ಅಪರೂಪ. ನಮ್ಮವರ ಊಟಕ್ಕೆ ಒಂದು ಮನೆಯವರು ಕೆಲವೊಮ್ಮೆ ತೀರಾ ಬೇಗ ಬರುತ್ತಾರೆ, ಇನ್ನೊಂದು ಮನೆಯವರು ಕೆಲವೊಮ್ಮೆ ತೀರಾ ತಡ; ಎರಡೂ ಒಂದೇ ದಿನ ಆಗುವುದನ್ನು ನಾನು ಕಂಡದ್ದು ಕಡಿಮೆ. ಅದಕ್ಕೇ ಎರಡು ಗುಂಪಿನ ಆಚೆ ಈಚೆಯ ಅಂತರಗಳನ್ನು ನೇರವಾಗಿ ಕೂಡುವುದಿಲ್ಲ. ವರ್ಗ ಮಾಡಿ ಕೂಡಿ ಮೂಲ ತೆಗೆದರೆ ಬರುವ ಮೊತ್ತ ಅದಕ್ಕಿಂತ ಸಣ್ಣದು. ನಾವು ಕೇಳುತ್ತಿರುವುದು ವ್ಯತ್ಯಾಸದ ಪ್ರಶ್ನೆ. ನೋಡಬೇಕಾದದ್ದೂ ವ್ಯತ್ಯಾಸದ ವ್ಯಾಪ್ತಿಯನ್ನೇ. ಅದು ಮೂರರಿಂದ ಹತ್ತೊಂಬತ್ತು.

ಸಂಖ್ಯಾಶಾಸ್ತ್ರಜ್ಞರು ಹೌದೆಂದು ತಲೆಯಾಡಿಸಿದರು. ಆಡಳಿತಾಧಿಕಾರಿ ಊಟದ ಮಾತಿಗೆ ಸ್ವಲ್ಪ ನಕ್ಕರು. ಆಮೇಲೆ ಕೇಳಿದರು. ಇಂಗ್ಲಿಷಿನಲ್ಲಿ ನಡೆದ ಮಾತು. ನನ್ನ ನೆನಪಿನಲ್ಲಿ ಅದು ಹೀಗೆ ಉಳಿದಿದೆ.

"ಮೂರಕ್ಕೂ ಹತ್ತೊಂಬತ್ತಕ್ಕೂ ಅಜಗಜಾಂತರ. ನಾನು ಬರೆಯಬೇಕಾದದ್ದು ಒಂದು ಸಂಖ್ಯೆ. ಯಾವುದು?"

ನಾನು ಹನ್ನೊಂದು ಎನ್ನಲು ಬಾಯಿ ತೆರೆದಿದ್ದೆ. ಮೇಲ್ವಿಚಾರಕಿ ಮೊದಲು ಮಾತಾಡಿದರು.

"ಮೂರು ಬರೀರಿ. ನೂರಕ್ಕೆ ಮೂರು ಹೆಂಗಸರು ಈ ಎರಡು ಫೋನಿಗೆ ಸಾಲದಿದ್ರೆ ಮುಚ್ಚಿಬಿಡಿ, ನಾನು ಮೇಲೆ ವಾರ್ಡಿಗೆ ಹೋಗ್ತೀನಿ. ಹತ್ತೊಂಬತ್ತು ತೋರಿಸಿ ಕೂತ್ಕೊಳ್ಳೋದು ನನಗೆ ಬೇಡ."

ಮೂರನ್ನೊಂದೇ ಬರೆಯುವುದೂ ತಪ್ಪು, ಎರಡನ್ನೂ ಬರೆಯಬೇಕು ಎಂದು ಸಂಖ್ಯಾಶಾಸ್ತ್ರಜ್ಞರು ಪಟ್ಟುಹಿಡಿದರು. ಆಡಳಿತಾಧಿಕಾರಿ ಎರಡನ್ನೂ ಬರೆದುಕೊಂಡರು. ಆದರೆ ಮೂರರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಬದಿಯಲ್ಲಿ ಏನೇನೋ ಲೆಕ್ಕ ಮಾಡಿದರು. ಮೂರು ಸಾಕು ಎಂದರು. ಒಂದು ವರ್ಷ ಮುಂದುವರಿಸಿ, ಆಮೇಲೆ ನೋಡೋಣ.

ಮೆಟ್ಟಿಲಿಳಿಯುವಾಗ ಮೇಲ್ವಿಚಾರಕಿ ನನ್ನ ತೋಳು ಹಿಡಿದುಕೊಂಡರು. ಅವರ ಕೈ ಭಾರವಾಗಿತ್ತು, ಬೆಚ್ಚಗಿತ್ತು.

ಹೋಲಿಕೆ ಮುಗಿದಿತ್ತಾದ್ದರಿಂದ ಪತ್ರ ಮಾತ್ರ ಹೋಗಿದ್ದ ಮನೆಗಳಿಗೂ ಇನ್ನು ಫೋನ್ ಮಾಡಬಹುದಿತ್ತು. ಆ ಮಧ್ಯಾಹ್ನವೇ ಶುರುಮಾಡಿದೆ. ಮೂರನೆಯದೋ ನಾಲ್ಕನೆಯದೋ ಫೋನು ಎತ್ತಿದವರು ವಯಸ್ಸಾದ ಹೆಂಗಸು, ಬೆಂಗಳೂರಿನವರು, ಮಗಳ ಮನೆಯಲ್ಲಿದ್ದರು. ಹೆಸರು ಹೇಳಿದೆ, ಆಸ್ಪತ್ರೆಯಿಂದ ಎಂದೆ.

"ನಿಮ್ಮ ಲೆಟರ್ ಬಂದಿತ್ತಮ್ಮ, ಚಳಿಗಾಲದಲ್ಲೇ. ಅದೆಲ್ಲ ಇಂಗ್ಲಿಷಲ್ಲಿ ಇತ್ತು. ಯಾರಾದ್ರೂ ಫೋನ್ ಮಾಡ್ತಾರೇನೋ ಅಂತ ಇಟ್ಕೊಂಡಿದ್ದೆ. ಯಾಕಮ್ಮ ಇಷ್ಟು ದಿನ ಮಾಡ್ಲಿಲ್ಲ?"

ತಡವಾಯಿತು ಎಂದೆ. ಯಾವ ದಿನ ಆಗುವುದಿಲ್ಲ ಎಂದು ಕೇಳಿದೆ. ಗುರುವಾರ ಮಗಳಿಗೆ ಕಾರು ಬೇಕು ಎಂದರು. ಶುಕ್ರವಾರ ಎಂದು ಬರೆದುಕೊಂಡೆ.